ರತ್ನವ್ವನ ಮನೆಯಲ್ಲಿ ನಾನು ಅಳಿಸಿದ ಸದ್ದು

ನಾಲ್ಕು ವರ್ಷಗಳ ಹಿಂದೆ ನಾನು ಹುಬ್ಬಳ್ಳಿಯಲ್ಲಿ ಸ್ವತಂತ್ರ ಸೌಂಡ್ ರೆಕಾರ್ಡಿಸ್ಟ್ ಆಗಿದ್ದೆ. ಭಜನೆ, ನಾಟಕ, ಜಾಹೀರಾತು, ಏನು ಬಂದರೂ ರೆಕಾರ್ಡ್ ಮಾಡಿ ಶುಚಿಗೊಳಿಸಿ ಕೊಡುವುದು ನನ್ನ ಕೆಲಸ. ನನ್ನ ಟ್ರ್ಯಾಕಿನಲ್ಲಿ ಒಂದೇ ಒಂದು ಕಸ, ಅಂದರೆ ಬೇಡದ ಸದ್ದು, ಸಿಗಲಿ ನೋಡೋಣ ಎಂದು ಸವಾಲು ಹಾಕುವಷ್ಟು ಜಂಬವೂ ಇತ್ತು.

ಮಳೆಗಾಲ ಮುಗಿಯುತ್ತಿದ್ದಂತೆ ಇಬ್ಬರು ಹುಡುಕಿಕೊಂಡು ಬಂದರು. ಒಬ್ಬ ನರಗುಂದದ ರ‍್ಯಾಪರ್ ಈರಣ್ಣ. ತಾಳಕ್ಕೆ ತಲೆಬಾಗುವವನಲ್ಲ, ಮಾತನ್ನು ನಡುವೆ ತುಂಡರಿಸಿ, ಉಸಿರು, ಕೆಮ್ಮು ಎಲ್ಲವನ್ನೂ ಹಾಡಾಗಿಸುವ ಪ್ರಾಯೋಗಿಕ ಹಿಪ್ ಹಾಪ್ ಅವನದು. ಇನ್ನೊಬ್ಬಳು ಧಾರವಾಡದ ಮೇಘಾ. ಗಿಟಾರಿಗೆ ಸಿಂಥಸೈಜರ್ ಬೆರೆಸಿ ಎಲೆಕ್ಟ್ರಾನಿಕ್ ಇಂಡಿ ರಾಕ್ ಮಾಡುವವಳು, ಅಂದರೆ ಯಾವ ಕಂಪನಿಯ ಹಂಗೂ ಇಲ್ಲದ ರಾಕ್. ಇಬ್ಬರೂ ಕೂಡಿ ಐದು ಹಾಡಿನ ಆಲ್ಬಂ ಮಾಡುವವರಿದ್ದರು. ಅದರಲ್ಲಿ ಡ್ರಮ್ಸ್ ಇಲ್ಲ. ಅದರ ಬದಲು ಗಜೇಂದ್ರಗಡದಲ್ಲಿರುವ ಈರಣ್ಣನ ಸೋದರತ್ತೆ ರತ್ನವ್ವನ ಕೈಮಗ್ಗದ ಸಪ್ಪಳ. ಇದೆಂಥ ಸಂಗೀತ ಎಂದು ನಾನು ಮೂಗು ಮುರಿದೆ. ಆ ಮಗ್ಗವನ್ನು ಕೇಳಿದ ಮೇಲೆ ತೆಪ್ಪಗಾದೆ.

ರತ್ನವ್ವನದು ಹಳೆಯ ಮಣ್ಣಿನ ಮಾಳಿಗೆ ಮನೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಚಾವಣಿಯಾಗಿ ಒಂದು ಮೊಳ ದಪ್ಪದ ಮಣ್ಣು. ಮಳೆಗೆ ಅದೆಲ್ಲ ನೆನೆದಿತ್ತು. ಮಗ್ಗ ಕುಣಿಮಗ್ಗ: ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರಬೇಕು. ಅರವತ್ತು ದಾಟಿದ ರತ್ನವ್ವನಿಗೆ ಅದರೊಳಗಿಂದ ಏಳಲು ಯಾರಾದರೂ ಕೈ ಕೊಡಬೇಕಿತ್ತು.

ಸಿಂಥ್ ಮತ್ತು ಮಗ್ಗ ಒಂದೇ ಕೋಣೆಯಲ್ಲಿ ಮೊಳಗಬೇಕೆಂಬುದು ಮೇಘಾಳ ಹಟ. ಹಾಗಾಗಿ ಮೂಲೆಯಲ್ಲಿ ಸಬ್‌ವೂಫರ್ ಇಟ್ಟೆವು, ಎದೆ ನಡುಗಿಸುವ ಕೆಳದನಿಗಳನ್ನಷ್ಟೇ ಹೊರಡಿಸುವ ದೊಡ್ಡ ಸ್ಪೀಕರ್ ಅದು. ಮಗ್ಗದ ಪಕ್ಕದ ಕಂಬಕ್ಕೆ ನಾನು ಕಾಂಟ್ಯಾಕ್ಟ್ ಮೈಕ್ ಅಂಟಿಸಿದೆ. ಅದು ಗಾಳಿಯ ದನಿಯನ್ನಲ್ಲ, ಕಟ್ಟಿಗೆಯೊಳಗಿನ ಕಂಪನವನ್ನು ಹಿಡಿಯುತ್ತದೆ. ನನ್ನ ಲ್ಯಾಪ್‌ಟಾಪ್ ಹೊರಗಿನ ಕಟ್ಟೆಯ ಮೇಲಿತ್ತು.

ಮೊದಲ ದಿನವೇ ಹೆಡ್‌ಫೋನಿನಲ್ಲಿ ಒಂದು ‘ಟಿಕ್’ ಕೇಳಿಸಿತು. ಕೇಬಲ್ ಕೆಟ್ಟಿದೆಯೆಂದು ಬದಲಿಸಿದೆ. ಎರಡನೆಯ ದಿನ ಅಂಥವು ಏಳೆಂಟು. ನನಗೆ ಸಿಟ್ಟು ಬಂತು. ಡಿ-ಕ್ಲಿಕ್ ಎಂಬ ಸಾಫ್ಟ್‌ವೇರ್ ಹಾಕಿ ಒಂದೂ ಉಳಿಯದಂತೆ ಅಳಿಸಿದೆ. ಅದೇ ದಿನ ರತ್ನವ್ವ ನೇಯ್ದ ಬಟ್ಟೆಯ ಮೇಲಿನ ಮಣ್ಣನ್ನು ಸೆರಗಿನಿಂದ ಝಾಡಿಸುತ್ತಿದ್ದಳು.

“ಮ್ಯಾಲಿಂದ ಮಣ್ಣ ಉದರತೈತ್ರಿ. ಹಳೇ ಮನಿ, ಇದ್ದದ್ದ ಬಿಡ್ರಿ,” ಎಂದು ನಕ್ಕಳು. ನಾನೂ ನಕ್ಕೆ. ಆ ನಗುವನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮೂರನೆಯ ದಿನ ಮಧ್ಯಾಹ್ನ, ಒಳಗೆ ಕೊನೆಯ ಹಾಡು ನಡೆದಿತ್ತು. ಹಿಂದಿನ ದಿನ ಕಸದ ಜೊತೆ ಮಗ್ಗದ ಸಪ್ಪಳವನ್ನೂ ಅಳಿಸಿಬಿಟ್ಟೆನೇನೋ ಎಂಬ ಅನುಮಾನ ನನಗೆ. ಅಳಿಸಿದ್ದನ್ನಷ್ಟೇ ಬೇರೆಯಾಗಿ ಕೇಳುವ ಅನುಕೂಲ ಸಾಫ್ಟ್‌ವೇರಿನಲ್ಲಿದೆ. ಕೇಳಿದೆ. ಮಗ್ಗ ಇರಲಿಲ್ಲ. ಬರೀ ಟಿಕ್, ಟಿಕ್. ಆಮೇಲೆ ಕಟ್ಟಿಗೆ ಸೀಳುವ ಸಣ್ಣ ಕರಕರ. ಪ್ರತಿ ಸಲವೂ ಸಿಂಥಿನ ಕೆಳದನಿಯ ಬೆನ್ನಿಗೇ ಬರುತ್ತಿತ್ತು. ಎಲ್ಲವೂ ಕಂಬದ ಮೈಕಿನದು. ಆ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ನೆನೆದ ಮಣ್ಣು.

ಒಳಗೆ ಓಡಿ ಸಬ್‌ವೂಫರಿನ ಪ್ಲಗ್ ಕಿತ್ತೆ.

“ಏನ್ ಮಾಡಾಕತ್ತೀರಿ ಸರ? ಟೇಕ್ ಭಾಳ ಚಲೋ ಬರಾಕತ್ತಿತ್ತು!” ಈರಣ್ಣ ಕೂಗಿದ.

“ತೊಲೆ ಒಡೀತಿದೆ. ಎಲ್ಲರೂ ಹೊರಗೆ!”

ಮೇಘಾ ಗಿಟಾರ್ ಬಿಟ್ಟು ಓಡಿದಳು. ರತ್ನವ್ವ ಕದಲಲಿಲ್ಲ. “ನಾಕ ಬೆರಳ ನೇಯೂದು ಉಳದೈತ್ರಿ. ಮುಗಿಸೇ ಬರ್ತೇನಿ.” ಮೇಲೆ ನೋಡಿದರೆ ಏನೂ ಕಾಣಿಸದು, ಹೊಗೆ ಹಿಡಿದ ಕಪ್ಪು ತೊಲೆ, ಅಷ್ಟೇ. ನಾನೂ ಈರಣ್ಣನೂ ಆಕೆಯ ಎರಡು ರಟ್ಟೆ ಹಿಡಿದು ಕುಣಿಯಿಂದ ಎತ್ತಿದೆವು. ಬೈಯುತ್ತಲೇ ಹೊರಗೆ ಬಂದಳು.

ಕಾಲು ಗಂಟೆ ಕಳೆಯಿತು. ಏನೂ ಆಗಲಿಲ್ಲ. ಎದುರು ಮನೆಯವರು ಬಾಗಿಲಿಗೆ ಬಂದು ನೋಡಿದರು. ಈರಣ್ಣ ನನ್ನತ್ತ ನೋಡುವುದನ್ನೇ ಬಿಟ್ಟ. ನನ್ನ ತಲೆ ಕೆಟ್ಟಿದೆಯೇ ಎಂದು ನನಗೇ ಅನಿಸತೊಡಗಿತು. “ನೂಲಿನ ಮ್ಯಾಲ ಪ್ಲಾಸ್ಟಿಕ್ ಹಾಳಿನರ ಹೊಚ್ಚಿ ಬರ್ತೇನಿ,” ಎಂದು ರತ್ನವ್ವ ಎದ್ದಳು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಆಕೆ ಹೊಸ್ತಿಲ ಮೇಲೆ ಕಾಲಿಟ್ಟಳು.

ಆಗ ಆ ಕರಕರ ಸದ್ದು ಹೆಡ್‌ಫೋನ್ ಇಲ್ಲದೆಯೇ ಕೇಳಿಸಿತು. ಈರಣ್ಣ ಅತ್ತೆಯ ಸೀರೆ ಹಿಡಿದು ಹಿಂದಕ್ಕೆ ಎಳೆದ. ಇಬ್ಬರೂ ಅಂಗಳದಲ್ಲಿ ಬಿದ್ದರು. ಮಗ್ಗವಿದ್ದ ಕಡೆಯ ಮಾಳಿಗೆ ಪೂರ್ತಿ ಕುಣಿಯೊಳಗೆ ಕೂತುಬಿಟ್ಟಿತು.

ನೀರು ಕುಡಿದು ಸುಧಾರಿಸಿಕೊಂಡ ಮೇಲೆ ರತ್ನವ್ವ ನನ್ನ ಹತ್ತಿರ ಬಂದಳು. ಅಳುತ್ತಿರಲಿಲ್ಲ.

“ಇದು ನಿಮಗ ಯಾವಾಗಿಂದ ಕೇಳಾಕತ್ತಿತ್ರಿ?”

“ಮೂರು ದಿನದಿಂದ.”

“ಮತ್ತ ನನಗ ಯಾಕ ಹೇಳಲಿಲ್ಲ? ಮೊದಲನೇ ದಿನಾನ ಹೇಳಿದ್ರ ಕಂಬಕ್ಕ ಆಸರ ಕೊಟ್ಟು ಮಗ್ಗ ಉಳಿಸ್ಕೊತಿದ್ನಲ್ರಿ.”

ಅದು ಕಸ ಅಂದುಕೊಂಡೆ ಎಂದು ಹೇಗೆ ಹೇಳಲಿ? ಹೇಳಿದೆ. ಆಕೆ ತಲೆಯಾಡಿಸಿ ಕುಸಿದ ಮನೆಯತ್ತ ಹೊರಳಿದಳು.

ಆಲ್ಬಂ ನಾಲ್ಕೇ ಹಾಡಿಗೆ ಮುಗಿಯಿತು. ರತ್ನವ್ವ ಈಗ ಬೇರೆಯವರ ಮನೆಯಲ್ಲಿ, ಬೇರೆಯವರ ಮಗ್ಗದಲ್ಲಿ ಕೂಲಿಗೆ ನೇಯುತ್ತಾಳೆ. ಜೀವ ಉಳಿಸಿದಿರಿ ಎಂದು ಜನ ನನ್ನನ್ನು ಹೊಗಳುತ್ತಾರೆ. ನನಗೆ ಆ ಹೊಗಳಿಕೆ ಗಂಟಲಲ್ಲಿ ಇಳಿಯುವುದಿಲ್ಲ. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು: ಗೊತ್ತಿಲ್ಲದ ಸದ್ದು ಕೇಳಿಸಿದರೆ ಅಳಿಸುವ ಮೊದಲು ಆ ಮನೆಯವರನ್ನು ಕರೆದು ಕಿವಿಗೆ ಹೆಡ್‌ಫೋನ್ ಕೊಡಬೇಕು. ಅದು ಅವರಿಗೆ ಸೇರಿದ ಸುದ್ದಿ.