ದಬ್ಬಳದಿಂದ ಗೀಚಿದ ದನಿ

ಕೋವಿಡ್ ಗದ್ದಲ ಅಡಗಿದ ಮರುವರ್ಷ. ಆಂಧ್ರದ ಗಡಿಯೂರು ಆದೋನಿಯ ಬಜಾರಿನ ಹಿಂದಿನ ಗಲ್ಲಿಯಲ್ಲಿ ಆಂಪ್ಲಿಫೈಯರ್, ರೆಕಾರ್ಡ್ ಪ್ಲೇಯರ್ ರಿಪೇರಿ ಅಂಗಡಿ ನಡೆಸುತ್ತಿದ್ದೆ. ಇಲಿ ಕಡಿದ ವೈರು, ಬೀರು ಸುರಿದ ಮಿಕ್ಸರ್, ಎಲ್ಲ ಹೇಸಿಗೆಯನ್ನೂ ಬಳಿದು ಬಳಿದು ಕೈ ಪಳಗಿತ್ತು. ಆದರೂ ನಿಜಕ್ಕೂ ಅಸಹ್ಯಪಟ್ಟದ್ದು ಆ ಒಂದು ದಿನ.

ಬಂದವಳು ಹೊಳಗುಂದದ ಪದ್ಮಜಾ, ನಮ್ಮೂರಿನ ಕಚೇರಿಯೊಂದರಲ್ಲಿ ಗುಮಾಸ್ತೆ. ಟವೆಲಿನಲ್ಲಿ ಸುತ್ತಿದ ರೆಕಾರ್ಡೊಂದನ್ನು ಎದೆಗವಚಿಕೊಂಡಿದ್ದಳು. ಅವಳು ಹುಟ್ಟುವ ಮೊದಲೇ ತೀರಿಹೋದ ಅಜ್ಜಿ ದಾಸರ ಪದ ಹಾಡುತ್ತಿದ್ದರಂತೆ. ತಾತ ಆಕೆಯನ್ನು ಮದ್ರಾಸಿಗೆ ಕರೆದೊಯ್ದು, ಮನೆಮಂದಿಗೆಂದು ಮಾಡಿಸಿದ ಒಂದೇ ಒಂದು ರೆಕಾರ್ಡು ಅದು. ಮನೆಯ ಪ್ಲೇಯರ್ ಕೆಟ್ಟು ಎಷ್ಟೋ ಕಾಲವಾಗಿ, ಅಜ್ಜಿಯ ದನಿಯನ್ನು ಇವಳು ಕೇಳಿಯೇ ಇರಲಿಲ್ಲ.

ಪದ್ಮಜಾಗೆ ಸ್ಕ್ರ್ಯಾಚಿಂಗ್ ಕಲಿಯುವ ಹುಚ್ಚು. ತಿರುಗುವ ರೆಕಾರ್ಡನ್ನು ಒಂದು ಕೈಯಲ್ಲಿ ಹಿಂದೆ ಮುಂದೆ ತಳ್ಳುತ್ತ, ಇನ್ನೊಂದು ಕೈಯಲ್ಲಿ ಕ್ರಾಸ್‌ಫೇಡರ್ ಎಂಬ ಗುಂಡಿ ಸರಿಸಿ ದನಿಯನ್ನು ತುಂಡರಿಸಿ ತಾಳ ಹುಟ್ಟಿಸುವ ವಿದ್ಯೆ ಅದು. ತಮ್ಮನ ಆರತಕ್ಷತೆಯಲ್ಲಿ, ತಾತನೆದುರು, ಅಜ್ಜಿಯ ದನಿಯನ್ನೇ ನುಡಿಸಬೇಕೆಂಬ ಆಸೆ. ಅದಕ್ಕೆ ಪಕ್ಕದ ಬೀದಿಯ ‘ಡಿಜೆ ಮಾಸ್ತರ’ನ ಕ್ಲಾಸಿಗೆ ಸೇರಿದ್ದಳು.

“ಮಾಸ್ತರ ರೆಕಾರ್ಡ್ ರೆಡಿ ಮಾಡಿ ಕೊಟ್ಟಾನ್ರಿ. ಕ್ಲಾಸಿನ್ಯಾಗ ಹಚ್ಚಿದ್ರ ಬರೇ ಕಟ್ ಕಟ್ ಅಂತೈತಿ,” ಅಂದಳು.

ಟವೆಲು ಬಿಚ್ಚಿದೆ. ಥೂ! ಹತ್ತಿಮೂಟೆ ಹೊಲಿಯುವ ದಬ್ಬಳದಿಂದ ಆ ಮಾಸ್ತರ ರೆಕಾರ್ಡಿನ ತುಂಬ ಅಡ್ಡಡ್ಡ ಗೀಚಿದ್ದ, ಎರಡೂ ಕಡೆ. ಅವಳನ್ನು ಕರೆದುಕೊಂಡು ನೇರ ಅವನ ಬಾಗಿಲಿಗೆ ಹೋದೆ.

“ಏಂ ಸಾರ್, ಗೀತ ಲೇಕುಂಡಾ ಸ್ಕ್ರ್ಯಾಚ್ ಎಟ್ಲಾ ವಸ್ತುಂದಿ?” ಗೀರಿಲ್ಲದೆ ಸ್ಕ್ರ್ಯಾಚ್ ಹೇಗೆ ಬಂದೀತು ಎಂದು ತೆಲುಗಿನಲ್ಲಿ ಕೇಳಿ ನಕ್ಕ. “ಮೊಬೈಲ್ ಗ್ಲಾಸಿಗೆ ಗೀರು ಬಿದ್ರ ಸ್ಕ್ರ್ಯಾಚ್ ಅನ್ನಂಗಿಲ್ಲೇನ್ರೀ? ಇದೂ ಅದೇ. ಇವರ ರೆಕಾರ್ಡೇ ಹಳೇದೈತಿ, ಅದಕ್ಕ ಸೌಂಡ್ ಬರವಲ್ದು.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

“ತಬಲಾ ಹೊಡಿ ಅಂದ್ರ ಕೊಡ್ಲಿ ತಗೋತೀ ಏನಲೇ?” ಎಂದೆ.

ಅವನ ಕಲಿಸುವ ಯಂತ್ರ ನೋಡಿ ಇನ್ನಷ್ಟು ಹೇಸಿಗೆಯಾಯಿತು. ಬೆಲ್ಟ್ ಡ್ರೈವ್ ಪ್ಲೇಯರ್, ಅಂದರೆ ರಬ್ಬರ್ ಪಟ್ಟಿಯಿಂದ ತಿರುಗುವಂಥದ್ದು. ಹಿಂದಕ್ಕೆ ತಳ್ಳಿದರೆ ಪಟ್ಟಿ ಜಾರುತ್ತದೆ. ಸ್ಕ್ರ್ಯಾಚಿಗೆ ಮೋಟರಿಗೇ ಕೂತ ಡೈರೆಕ್ಟ್ ಡ್ರೈವ್ ಬೇಕು, ರೆಕಾರ್ಡಿನಡಿ ಸಲೀಸಾಗಿ ಜಾರುವ ಬಟ್ಟೆಯ ಸ್ಲಿಪ್‌ಮ್ಯಾಟ್ ಬೇಕು. ಇವನ ಹತ್ತಿರ ಇದ್ದದ್ದು ಬಣ್ಣದ ಲೈಟು ಮತ್ತು ಬಾಯಿ.

ಅಂಗಡಿಗೆ ಮರಳಿ ರೆಕಾರ್ಡು ಹಚ್ಚಿದೆ. ಪ್ಲೇಯರಿನ ಮುಳ್ಳು ಗೀರಿನಿಂದ ಗೀರಿಗೆ ಹಾರಿತು. ಒಂದು ಪದವೂ ನಿಲ್ಲಲಿಲ್ಲ.

“ಬ್ಯಾಡ್ರಿ, ಬಂದ್ ಮಾಡ್ರಿ,” ಎಂದು ಪದ್ಮಜಾ ಅತ್ತುಬಿಟ್ಟಳು.

ಆಗ ಕಂಡಿತು: ಗೀಚುವಾಗ ಆ ಮಹಾನುಭಾವ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ರೆಕಾರ್ಡನ್ನು ತಿರುಗಿಸುತ್ತ ಹೋಗಿದ್ದ. ಒಂದು ಮುಖದಲ್ಲಿ ಅಂಚಿನ ಸುತ್ತಲೂ ದಬ್ಬಳ ತಾಗಿರಲಿಲ್ಲ. ಮುಳ್ಳನ್ನು ತೀರ ತುದಿಗಿಟ್ಟೆ. ಒಂದು ಸಣ್ಣ ಕೆಮ್ಮು. ಆಮೇಲೆ ಹೆಣ್ಣುದನಿ: “ಶುರು ಮಾಡ್ಲೇನ್ರೀ?” ಅಷ್ಟೇ. ಮತ್ತೆ ಕಟ್ ಕಟ್.

ಪದ್ಮಜಾ ಕಣ್ಣೊರೆಸಿಕೊಂಡು, “ಇನ್ನೊಮ್ಮಿ ಹಚ್ರಿ,” ಅಂದಳು.

ಮುಳ್ಳು ಓಡಿದಷ್ಟೂ ರೆಕಾರ್ಡು ಸವೆಯುತ್ತದೆ. ಆದ್ದರಿಂದ ಒಮ್ಮೆ ಮಾತ್ರ ಹಚ್ಚಿ, ಆ ತುಣುಕನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಕಂಟ್ರೋಲ್ ರೆಕಾರ್ಡ್ ಎಂದು ಬೇರೆ ಬರುತ್ತದೆ. ಕೈ ಆಡುವುದು ಅದರ ಮೇಲೆ, ದನಿ ಬರುವುದು ಲ್ಯಾಪ್‌ಟಾಪಿನಿಂದ. ನನ್ನ ಡೈರೆಕ್ಟ್ ಡ್ರೈವ್ ಪ್ಲೇಯರಿನಲ್ಲಿ ಅವಳು ಅದನ್ನೇ ಕಲಿತಳು.

ಆರತಕ್ಷತೆಗೆ ನಾನೂ ಹೋಗಿದ್ದೆ. ಶು-ಶು-ಶುರು ಎಂದು ತಾಳ ಎದ್ದಾಗ ಹುಡುಗರು ಕುಣಿದರು. ಕೊನೆಗೆ ಪದ್ಮಜಾ ಕೈ ತೆಗೆದು ಆ ಮಾತನ್ನು ಇಡಿಯಾಗಿ ಬಿಟ್ಟಳು: “ಶುರು ಮಾಡ್ಲೇನ್ರೀ?”

ಮುಂದಿನ ಸಾಲಿನಲ್ಲಿ ಕೂತಿದ್ದ ತಾತ ತಲೆಯೆತ್ತಿ, “ಹ್ಞೂಂ, ಮಾಡು,” ಅಂದರು. ಕಿವಿಗೆ ಕೈ ಅಡ್ಡ ಹಿಡಿದು ದಾಸರ ಪದಕ್ಕಾಗಿ ಕಾದರು.

ಆ ದಬ್ಬಳದವನ ಮೇಲಿನ ಅಸಹ್ಯ ನನಗೆ ಇಂದಿಗೂ ಇಳಿದಿಲ್ಲ. ಇನ್ನೊಬ್ಬರ ವಸ್ತು ಮುಟ್ಟುವ ಮೊದಲು ಕೇಳಬೇಕು. ಕಸುಬು ನನಗೆ ಕಲಿಸಿದ್ದು ಅಷ್ಟೇ. ತನ್ನದೇ ಹಾಡು ಹಾಡುವುದಕ್ಕೂ ಆ ಅಜ್ಜಿ ಅಪ್ಪಣೆ ಕೇಳಿದ್ದರು.