ಡಾಲ್ಫಿನ್‌ಗೆ ಬೈಯುವ ಹಾಗಿಲ್ಲ

“ನಿನ್ನಿಂದ ಅದು ಆಗ್ಲಿಕ್ಕಿಲ್ಲ, ಬೇಕಾದ್ರೆ ಬರೆದು ಕೊಡ್ತೇನೆ” ಎಂದವರು ನನ್ನ ಸೋದರಮಾವ. ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ನಾನಿದ್ದದ್ದು ಅವರ ಮನೆಯಲ್ಲೇ. “ಎಂತ ಮಾರಾಯ್ತಿ, ಸಂಬಳ ಇಲ್ಲದೆ ಮೀನಿಗೆ ಪಾಠ ಹೇಳ್ಲಿಕ್ಕೆ ದುಬೈಗೆ ಬಂದದ್ದಾ?”

“ಅದು ಮೀನಲ್ಲ ಮಾವ, ಸಸ್ತನಿ.”

“ನೋಡಿ, ಡಿಗ್ರಿ ಮಾತಾಡ್ತಾ ಉಂಟು!”

ಹೌದು, ಡಿಗ್ರಿಯೇ. ಅಮ್ಮ ಗೇರುಬೀಜದ ಫ್ಯಾಕ್ಟರಿಯಲ್ಲಿ ದುಡಿದು ಓದಿಸಿದ ಪ್ರಾಣಿಶಾಸ್ತ್ರದ ಬಿಎಸ್ಸಿ. ನಮ್ಮ ಮನೆತನದಲ್ಲಿ ಕಾಲೇಜು ಕಂಡವಳು ನಾನೇ ಮೊದಲು. ದುಬೈಯಲ್ಲಿ ಸಿಕ್ಕಿದ್ದು ಮಾತ್ರ ಅಲ್ ಬರ್ಷಾದ ಆಫೀಸೊಂದರಲ್ಲಿ ಬಿಲ್ ಟೈಪ್ ಮಾಡುವ ಕೆಲಸ. ಸಂಶೋಧನೆಯ ಕಡೆ ಹೋಗಬೇಕಾದರೆ ಪ್ರಾಣಿಗಳಿಗೆ ತರಬೇತಿ ಕೊಟ್ಟ ಸರ್ಟಿಫಿಕೇಟ್ ಬೇಕಿತ್ತು. ಅದಕ್ಕೇ ರಜೆಯ ಶುಕ್ರವಾರಗಳನ್ನೆಲ್ಲ ಡಾಲ್ಫಿನ್ ಸಂಶೋಧನಾ ಕೇಂದ್ರಕ್ಕೆ ಕೊಟ್ಟೆ.

ತಿಂಗಳುಗಟ್ಟಲೆ ಬಕೆಟ್ ತೊಳೆದೆ, ಐಸ್ ಕರಗಿದ ಮೀನು ಆರಿಸಿದೆ. ಆಮೇಲೆ ಕೊಳದ ಬದಿಗೆ ಬಿಟ್ಟರು. ಡಾಲ್ಫಿನ್ ತಾನಾಗಿ ಬಾಲವನ್ನು ನನ್ನ ಕೈಗಿಟ್ಟು ಅಲುಗದೆ ಇರಬೇಕು, ಪ್ರಾಣಿಗಳ ಡಾಕ್ಟರು ಪರೀಕ್ಷೆಗೆ ರಕ್ತ ತೆಗೆಯಬೇಕು. ಕೆಲಸ ಮುಗಿದ ಕ್ಷಣಕ್ಕೆ ವಿಸಿಲ್, ಹಿಂದೆಯೇ ಮೀನು. ಅದು ತಪ್ಪಿದರೆ ಬೈಯುವ ಹಾಗಿಲ್ಲ, ಮುಖ ಸಿಂಡರಿಸುವ ಹಾಗೂ ಇಲ್ಲ. ಸುಮ್ಮನೆ ನಿಂತು, ಮತ್ತೆ ಮೊದಲಿನಿಂದ. ಇದನ್ನೆಲ್ಲ ಹೇಳಿಕೊಟ್ಟವನು ಅಲ್ಲಿನ ಮುಖ್ಯ ತರಬೇತುದಾರ.

ಒಂದು ಶುಕ್ರವಾರ ನಾನು ವಿಸಿಲ್ ಬೇಗ ಊದಿಬಿಟ್ಟೆ. ಡಾಕ್ಟರ ಸೂಜಿ ಇನ್ನೂ ಚುಚ್ಚಿರಲೇ ಇಲ್ಲ. ಡಾಲ್ಫಿನ್ ಕೆಲಸ ಮುಗಿಯಿತೆಂದು ಬಾಲ ಎಳೆದುಕೊಂಡು ಮೀನಿಗೆ ಬಾಯಿ ತೆರೆಯಿತು. ಅದರದ್ದೇನು ತಪ್ಪು?

ಆ ತರಬೇತುದಾರ ಎಲ್ಲರೆದುರು ಕಿರುಚಿದ. “ಖಲಾಸ್! ಹೋಗಿ ಬಕೆಟ್ ತೊಳಿ. ನಿಮ್ಮ ಊರಲ್ಲಿ ಡಿಗ್ರಿ ಕಿಲೋ ಲೆಕ್ಕದಲ್ಲಿ ಸಿಗ್ತದಾ?”

ಈಗ ಬರೆಯುವಾಗಲೂ ಮೈ ಉರಿಯುತ್ತದೆ. ನನಗೆ ಬೈಯಲಿ, ತಪ್ಪು ನನ್ನದೇ. ಆ ಡಿಗ್ರಿಗೆ ಬೈಯಲಿಕ್ಕೆ ಅವನು ಯಾರು? ಗೇರುಬೀಜದ ಸಿಪ್ಪೆಯ ಎಣ್ಣೆಗೆ ಸುಟ್ಟ ಅಮ್ಮನ ಬೆರಳುಗಳನ್ನು ಅವನು ನೋಡಿದ್ದಾನಾ?

“ಡಾಲ್ಫಿನ್‌ಗೆ ಬೈಯಬಾರದು, ಬೈದರೆ ಅದು ಕಲಿಯುವುದಿಲ್ಲ ಅಂತ ಹೇಳಿದ್ದು ನೀವೇ ಸರ್” ಎಂದೆ. “ನಾನೂ ಸಸ್ತನಿಯೇ.”

ಡಾಕ್ಟರು ನಕ್ಕುಬಿಟ್ಟರು. ಅವನು ನಗಲಿಲ್ಲ. ನೀರನ್ನೇ ನೋಡುತ್ತ ನಿಂತು, “ಮತ್ತೆ ಮೊದಲಿನಿಂದ” ಎಂದ. ಕ್ಷಮೆ ಗಿಮೆ ಏನೂ ಇಲ್ಲ. ಬಾಲ ಬಂತು. ರಕ್ತ ತೆಗೆದು ಸೂಜಿ ಹೊರಗೆ ಬರುವವರೆಗೂ ಹಲ್ಲು ಕಚ್ಚಿ ಕಾದು ಊದಿದೆ.

ಕೊನೆಯ ಶುಕ್ರವಾರ ಅವನೇ ಸರ್ಟಿಫಿಕೇಟ್ ಕೈಗಿಟ್ಟ. ಪ್ರಾಣಿಗಳಿಗೆ ತರಬೇತಿ ಕೊಟ್ಟಿದ್ದಾಳೆ ಅಂತ ಬರೆದಿದೆಯೋ ಇಲ್ಲವೋ ಎಂದು ಅವನೆದುರೇ ಪೂರ್ತಿ ಓದಿದೆ. ಬರೆದಿತ್ತು. ಹೊರಗೆ ಬಂದು ಅಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದೆ, ಆ ಬೈಗುಳವನ್ನೂ, ನನ್ನ ಉತ್ತರವನ್ನೂ.

ಅಮ್ಮ ಅಂದಳು: “ನೀನು ಹೇಳಿದ್ದು ಕಮ್ಮಿ ಆಯ್ತು ಮಗಾ. ಇನ್ನೂ ನಾಲ್ಕು ಹೇಳ್ಬೇಕಿತ್ತು.”