ಕಂಪ್ಯೂಟರ್ ದೊಡ್ಡಮ್ಮ
ಹೊಸ ಮೆಮೊರಿ ಪಟ್ಟಿ ಹಾಕಿದ ಮೇಲೆ ಯಾರ ಮನೆಯ ಕಂಪ್ಯೂಟರ್ ಕಣ್ಣು ಬಿಡದಿದ್ದರೂ ಬೀದಿಯವರು ಕರೆಯುವುದು ದೊಡ್ಡಮ್ಮನನ್ನೇ. ಚಪ್ಪಲಿ ಬಿಡುತ್ತಲೇ ಆಕೆ, "ಹೊಸದಾಗಿ ಏನು ಹಾಕಿದ್ರಿ? ಮೊದ್ಲು ಅದನ್ನ ನೋಡೋಣ" ಎನ್ನುತ್ತಾಳೆ. ಮಗುವಿನ ಎದೆಗೆ ಕಿವಿಗೊಡುವ ವೈದ್ಯರಂತೆ ಅದರ ಬೀಪ್ ಸದ್ದು ಆಲಿಸುತ್ತಾಳೆ, ಪ್ಲಗ್ ತೆಗೆಸುತ್ತಾಳೆ, ಮುಚ್ಚಳ ಬಿಚ್ಚಿಸುತ್ತಾಳೆ. ಆಕೆಯ ಹೆಸರು ಎಷ್ಟು ಹಬ್ಬಿದೆಯೆಂದರೆ, ಗಂಡನ ಗೊರಕೆ ತಾಳಲಾರದವರೂ ಬಂದು ಉಪಾಯ ಕೇಳುತ್ತಾರೆ. ಆದರೆ ಯಾರ ಯಂತ್ರಕ್ಕೂ ಆಕೆ ತಾನೇ ಕೈ ಹಾಕಿದ್ದಿಲ್ಲ. ಮೊನ್ನೆ ಸರಿಯಾಗಿ ಕೂರದಿದ್ದ ಮೆಮೊರಿ ಪಟ್ಟಿಯನ್ನು ತೋರಿಸಿದಾಗ ಪಕ್ಕದ ಮನೆಯ ಅಜ್ಜಿ, "ನೀನೇ ಒತ್ತಿಬಿಡಮ್ಮ, ನನ್ನ ಕೈ ನಡುಗುತ್ತೆ" ಎಂದರು. "ನಡುಗ್ಲಿ ಬಿಡಿ ಅಜ್ಜಿ, ಎರಡೂ ಕಡೆ ಟಕ್ ಅನ್ನೋವರೆಗೂ ಒತ್ತಿ." ಮೆಮೊರಿ ಟಕ್ಕೆಂದು ಕೂತಿತು. ಪ್ಲಗ್ ಹಾಕಿ ಗುಂಡಿ ಒತ್ತಿದವರೂ ಅಜ್ಜಿಯೇ. ಪರದೆ ಬೆಳಗಿತು. ಯಾರು ಸರಿಮಾಡಿದ್ದೆಂದು ಸೊಸೆ ಕೇಳಿದಾಗ ದೊಡ್ಡಮ್ಮ, "ನಿಮ್ಮತ್ತೆ" ಎಂದಳು. ಹಿಂದೊಮ್ಮೆ ದೊಡ್ಡಮ್ಮ ದುಡಿಯುತ್ತಿದ್ದ ಕಚೇರಿಗೆ ಮೊದಲ ಕಂಪ್ಯೂಟರ್ ಬಂದಾಗ, ಎರಡು ವರ್ಷ ಅದರ ಧೂಳು ಒರೆಸುವುದಕ್ಕಷ್ಟೇ ಆಕೆಗೆ ಅಪ್ಪಣೆಯಿತ್ತು. ಈಗ ಅಜ್ಜಿ ಸ್ಕ್ರೂಡ್ರೈವರ್ ಎತ್ತಿಕೊಂಡು, "ಮುಚ್ಚಳ ನಾನೇ ಹಾಕ್ತೀನಿ, ಯಾರೂ ಮುಟ್ಬೇಡಿ" ಎಂದಾಗ ದೊಡ್ಡಮ್ಮನ ಎದೆಯುಬ್ಬಿತು.